60 ದಾಟಿದ ಮೇಲೆ ಫೆರಿಟಿನ್ ಜಾಸ್ತಿ ಬಂದರೆ: ವಂಶದಿಂದ ಬಂದ ಕಬ್ಬಿಣದ ಹೊರೆಯನ್ನು ಪತ್ತೆ ಮಾಡಿಸುವ ದಾರಿ

ನನ್ನ ಸೋದರಮಾವನ ಮನೆಯಲ್ಲಿ ಮೂರು ಫೈಲುಗಳಿದ್ದವು. ಶುಗರ್‌ನದು ಒಂದು, ಬೆರಳ ಗೆಣ್ಣು ನೋವಿನದು ಒಂದು, ಲಿವರ್‌ನದು ಒಂದು. ಮೂರಕ್ಕೂ ಬೇರೆ ಬೇರೆ ಡಾಕ್ಟರು, ಬೇರೆ ಬೇರೆ ಮಾತ್ರೆ. ಮೂರು ಕಡೆಯೂ ಕೊನೆಗೆ ಬರುತ್ತಿದ್ದ ಮಾತು ಮಾತ್ರ ಒಂದೇ: "ವಯಸ್ಸಾಯ್ತಲ್ಲ ಯಜಮಾನ್ರೇ." ಅವರಿಗೆ ಆಗ 67. ಒಂದು ದಿನ ಹತ್ತಿರದ ಪೇಟೆಯ ಫಿಸಿಶಿಯನ್ ಒಬ್ಬರು ಮೂರೂ ಫೈಲನ್ನು ಮೇಜಿನ ಮೇಲೆ ಪಕ್ಕಪಕ್ಕ ಬಿಡಿಸಿಟ್ಟು ನೋಡಿದರು. ಎರಡು ರಕ್ತಪರೀಕ್ಷೆ ಬರೆದರು. ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ 1,380 ಬಂತು, ರಕ್ತದಲ್ಲಿ ಓಡಾಡುವ ಕಬ್ಬಿಣವನ್ನು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ 78%. ಎರಡೂ ತುಂಬಾ ಜಾಸ್ತಿ. ಗೆಣ್ಣು ನೋವು ಶುರುವಾಗಿ ಅಷ್ಟೊತ್ತಿಗೆ ಹನ್ನೊಂದು ವರ್ಷ ಆಗಿತ್ತು.

ಆ ಹನ್ನೊಂದು ವರ್ಷ ಇನ್ನೊಬ್ಬರಿಗೆ ಹೋಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾವನ ಜೊತೆ ಆಸ್ಪತ್ರೆ ಅಲೆದವಳು, ಅಲೆಯುತ್ತಾ ಓದಿಕೊಂಡವಳು. ಇಲ್ಲಿರುವುದನ್ನು ನಿಮ್ಮ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳೋದಕ್ಕೆ ಬಳಸಿಕೊಳ್ಳಿ.

ಕಾಯಿಲೆಯ ಹೆಸರು ಹಿಮೋಕ್ರೊಮಾಟೋಸಿಸ್. ನಮ್ಮ ಮೈಯಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಊಟದಿಂದ ದಿನಕ್ಕೆ 1ರಿಂದ 2 ಮಿಲಿಗ್ರಾಂ ಒಳಗೆ ಬರುತ್ತದೆ, ಅಷ್ಟೇ ಹೊರಗೆ ಹೋಗುತ್ತದೆ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ಮಾತ್ರ ಮೈಗೆ ಇಲ್ಲ. ಅದಕ್ಕೇ ಒಳಗೆ ಬರುವ ಬಾಗಿಲಲ್ಲೇ ಕಾವಲು ಇದೆ. ಲಿವರ್ ತಯಾರಿಸುವ ಹೆಪ್ಸಿಡಿನ್ ಅನ್ನುವ ಹಾರ್ಮೋನು ಆ ಕಾವಲುಗಾರ. ಹುಟ್ಟಿನಿಂದಲೇ ಕೆಲವರ ಜೀನಿನಲ್ಲಿರುವ ದೋಷದಿಂದ ಈ ಕಾವಲು ಸಡಿಲ. ದಿನಕ್ಕೆ 2 ಮಿಲಿಗ್ರಾಂ ಜಾಸ್ತಿ ಒಳಗೆ ಬಂದರೂ ವರ್ಷಕ್ಕೆ ಮುಕ್ಕಾಲು ಗ್ರಾಂ ಹತ್ತಿರ ಆಯಿತು. ಅದು ಲಿವರ್, ಮೇದೋಜೀರಕ, ಹೃದಯ, ಕೀಲುಗಳಲ್ಲಿ ಹೋಗಿ ಕೂರುತ್ತದೆ.

"ವಂಶದ ಕಾಯಿಲೆ ಅಂದ್ರೆ ಚಿಕ್ಕ ವಯಸ್ಸಲ್ಲೇ ಬರಬೇಕಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಇದರ ಲೆಕ್ಕ ಬೇರೆ. ದೋಷ ಹುಟ್ಟಿನಿಂದ ಇರುತ್ತದೆ, ಆದರೆ ಕಬ್ಬಿಣ ತುಂಬೋದಕ್ಕೆ ದಶಕಗಳು ಬೇಕು. ಹೆಂಗಸರಲ್ಲಿ ಇನ್ನೂ ತಡ. ಮುಟ್ಟಿನಲ್ಲಿ, ಹೆರಿಗೆಯಲ್ಲಿ ರಕ್ತ ಹೋಗುತ್ತಿರುವಷ್ಟು ಕಾಲ ಕಬ್ಬಿಣವೂ ಹೋಗುತ್ತಿರುತ್ತದೆ. ಮುಟ್ಟು ನಿಂತ ಮೇಲೆ ಸೇರುವುದು ಶುರು. ಹಾಗಾಗಿ 65ರ ಹೆಂಗಸಿನಲ್ಲಿ ಇದು ಮೊದಲ ಸಲ ಕಾಣಿಸಿಕೊಂಡರೆ ಆಶ್ಚರ್ಯ ಏನೂ ಇಲ್ಲ.

ಮೊದಲು ಒಂದು ನಿಜ ತಿಳಿದಿರಲಿ

ಫೆರಿಟಿನ್ ಜಾಸ್ತಿ ಬಂದವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಇರುವುದಿಲ್ಲ. ಫ್ಯಾಟಿ ಲಿವರ್, ಶುಗರ್, ಬೊಜ್ಜು, ಮದ್ಯ, ಕಿಡ್ನಿ ತೊಂದರೆ, ಯಾವುದೋ ಸೋಂಕು, ಸಂಧಿವಾತ, ಕೆಲವೊಮ್ಮೆ ಕ್ಯಾನ್ಸರ್ ಕೂಡ ಫೆರಿಟಿನ್ ಏರಿಸುತ್ತದೆ. ಡೆಂಗಿ ಬಂದಾಗ ಅದು ಸಾವಿರಗಟ್ಟಲೆ ಏರಬಹುದು.

ಇನ್ನೊಂದು ವಿಷಯ. ಈ ಕಾಯಿಲೆಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವುದು ಹೆಚ್ಚಾಗಿ ಐರ್ಲೆಂಡ್, ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದ ಬಿಳಿಯರ ಅನುಭವ. ಅಲ್ಲಿ ಎಚ್‌ಎಫ್‌ಇ ಅನ್ನುವ ಜೀನಿನಲ್ಲಿ ಸಿ282ವೈ ಅನ್ನುವ ಬದಲಾವಣೆ ತಂದೆ ತಾಯಿ ಇಬ್ಬರಿಂದಲೂ ಬಂದವರು ತುಂಬಾ ಜನ ಇದ್ದಾರೆ. ಐರ್ಲೆಂಡಿನಲ್ಲಿ ಸುಮಾರು 83 ಜನರಲ್ಲಿ ಒಬ್ಬರು. ನಮ್ಮ ದೇಶದಲ್ಲಿ ಸಿ282ವೈ ತೀರಾ ಅಪರೂಪ. ನಮ್ಮಲ್ಲಿ ವಂಶದ ಕಬ್ಬಿಣದ ಹೊರೆ ಕಂಡುಬಂದರೆ ಕಾರಣ ಬೇರೆ ಜೀನಿನಲ್ಲಿ ಇರುವ ಸಾಧ್ಯತೆ ಜಾಸ್ತಿ. ಈ ವ್ಯತ್ಯಾಸ ಗೊತ್ತಿಲ್ಲದೇ ಹೋದರೆ ಜೀನ್ ಪರೀಕ್ಷೆಯಲ್ಲಿ ದಾರಿ ತಪ್ಪುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಡಾಕ್ಟರುಗಳಿಗೆ ಇದು ಯಾಕೆ ತಟ್ಟನೆ ಹೊಳೆಯುವುದಿಲ್ಲ ಅನ್ನುವುದಕ್ಕೂ ಕಾರಣ ಇದೆ. 19ನೇ ಶತಮಾನದ ಫ್ರೆಂಚ್ ವೈದ್ಯರು ಇದನ್ನು ಕಂಚಿನ ಬಣ್ಣದ ಸಕ್ಕರೆ ಕಾಯಿಲೆ ಅಂತ ಗುರುತಿಸಿದ್ದರು. 1889ರಲ್ಲಿ ಜರ್ಮನಿಯ ವಾನ್ ರೆಕ್ಲಿಂಗ್‌ಹೌಸೆನ್ ಈಗಿನ ಹೆಸರು ಕೊಟ್ಟರು. ಮೈ ಕಂಚಿನ ಬಣ್ಣಕ್ಕೆ ತಿರುಗುತ್ತದೆ, ಶುಗರ್ ಬರುತ್ತದೆ, ಲಿವರ್ ಗಟ್ಟಿಯಾಗುತ್ತದೆ. ಈ ಮೂರು ಸೇರಿದ ಚಿತ್ರವೇ ತುಂಬಾ ಕಾಲ ಪುಸ್ತಕದಲ್ಲಿ ಉಳಿಯಿತು. ಎಚ್‌ಎಫ್‌ಇ ಜೀನ್ ಪತ್ತೆಯಾಗಿದ್ದು 1996ರಲ್ಲಿ. ಹೆಪ್ಸಿಡಿನ್ ಗೊತ್ತಾಗಿದ್ದು ಅದಕ್ಕಿಂತಲೂ ಆಮೇಲೆ. ನಮ್ಮ ಕಂದು ಮೈಬಣ್ಣದಲ್ಲಿ ಕಂಚು ಎಲ್ಲಿ ಕಾಣಬೇಕು ಹೇಳಿ? ಮಾವ ಕಪ್ಪಾಗುತ್ತಿದ್ದಾರೆ ಅಂತ ಮನೆಯವರಿಗೆ ಅನಿಸಿತ್ತು. ತೋಟದ ಬಿಸಿಲು ಅಂದುಕೊಂಡೆವು. ಜೊತೆಗೆ ನಮ್ಮ ದೇಶದ ದೊಡ್ಡ ಸಮಸ್ಯೆ ರಕ್ತಹೀನತೆ. ಇಲ್ಲಿ ಕಬ್ಬಿಣ ಅಂದರೆ ಎಲ್ಲರ ತಲೆಗೆ ಬರುವುದು ಕೊರತೆ.

ಹೆಜ್ಜೆ 1: ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ವಯಸ್ಸಾದವರ ವಿಷಯದಲ್ಲಿ ದೊಡ್ಡ ತೊಡಕು ಇದೇ. ಪ್ರತಿ ತೊಂದರೆಗೂ ಒಂದು ಸುಲಭದ ಕಾರಣ ಮೊದಲೇ ಸಿದ್ಧವಾಗಿರುತ್ತದೆ. ಸುಸ್ತಾ? ವಯಸ್ಸು. ಕೀಲು ನೋವಾ? ಸವೆತ. ಶುಗರಾ? ಯಾರಿಗಿಲ್ಲ. ಲಿವರ್ ಎಂಜೈಮ್ ಜಾಸ್ತಿನಾ? ಫ್ಯಾಟಿ ಲಿವರ್. ಒಂದೊಂದೂ ಬಿಡಿಯಾಗಿ ಸರಿಯೇ. ಎಲ್ಲವೂ ಒಬ್ಬರಲ್ಲೇ ಇವೆ ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕಂದರೆ ಅವು ಬೇರೆ ಬೇರೆ ಫೈಲಿನಲ್ಲಿವೆ. ಅವನ್ನು ಸೇರಿಸುವ ಕೆಲಸ ಮನೆಯವರೇ ಮಾಡಬೇಕು. ಒಂದೇ ಹಾಳೆ, ದೊಡ್ಡ ಅಕ್ಷರ, ಒಂದು ಬದಿ ಸಾಕು.

ಮೊದಲು ತೊಂದರೆಗಳು, ಪ್ರತಿಯೊಂದರ ಎದುರು ಶುರುವಾದ ವರ್ಷ. ಕೀಲು ನೋವು ಇದ್ದರೆ ಯಾವ ಕೀಲು ಅಂತ ಸ್ಪಷ್ಟವಾಗಿ ಬರೆಯಿರಿ. ಇದು ತುಂಬಾ ಮುಖ್ಯ. ವಯಸ್ಸಿನ ಸವೆತ ಸಾಮಾನ್ಯವಾಗಿ ಮಂಡಿ, ಸೊಂಟ, ಬೆರಳ ತುದಿಯ ಗೆಣ್ಣು, ಹೆಬ್ಬೆರಳ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ. ಕಬ್ಬಿಣದ ಹೊರೆಯಲ್ಲಿ ತೋರುಬೆರಳು ಮತ್ತು ನಡುಬೆರಳು ಅಂಗೈಗೆ ಸೇರುವ ಜಾಗದ ದೊಡ್ಡ ಗೆಣ್ಣುಗಳು ಊದಿಕೊಂಡು ನೋಯುತ್ತವೆ. ಯಾರಾದರೂ ಕೈ ಕುಲುಕಿದರೆ ಜೀವ ಹೋದ ಹಾಗೆ ಆಗುತ್ತದೆ. ಮಾವ ಕುಡುಗೋಲು ಹಿಡಿಯುವುದನ್ನೇ ಬಿಟ್ಟಿದ್ದರು. ಕೈಯ ಎಕ್ಸ್‌ರೇ ಹಳೆಯದಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಆ ಗೆಣ್ಣುಗಳಲ್ಲಿ ಕೊಕ್ಕೆಯ ಹಾಗೆ ಬೆಳೆದ ಮೂಳೆ ಕಂಡರೆ ಗೊತ್ತಿರುವವರಿಗೆ ಅದೇ ಒಂದು ಸುಳಿವು.

ಆಮೇಲೆ ಹಳೆಯ ರಿಪೋರ್ಟುಗಳ ಅಂಕಿಗಳು, ತಾರೀಖಿನ ಜೊತೆ: ಎಸ್‌ಜಿಪಿಟಿ, ಎಸ್‌ಜಿಒಟಿ, ಶುಗರ್, ಹಿಮೋಗ್ಲೋಬಿನ್, ಎಂಸಿವಿ (ಕೆಂಪು ರಕ್ತಕಣದ ಗಾತ್ರ), ಕ್ರಿಯಾಟಿನಿನ್ (ಕಿಡ್ನಿಯದು). ಎದೆ ಬಡಿತ ಏರುಪೇರು, ಹೃದಯ ದುರ್ಬಲ ಅಂತ ಯಾರಾದರೂ ಹೇಳಿದ್ದರೆ ಅದೂ ಇರಲಿ. ಗಂಡಸರಲ್ಲಿ ಲೈಂಗಿಕ ಆಸಕ್ತಿ ಕಡಿಮೆಯಾಗುವುದು, ಮೈಮೇಲಿನ ಕೂದಲು ಉದುರುವುದು ಕೂಡ ಈ ಕಾಯಿಲೆಯ ಲಕ್ಷಣ. ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ಮುಜುಗರ, ಗೊತ್ತು. ಬಾಯಲ್ಲಿ ಹೇಳಲಾಗದಿದ್ದರೆ ಹಾಳೆಯಲ್ಲಿ ಒಂದು ಸಾಲು ಬರೆದುಬಿಡಿ.

ಔಷಧಗಳ ಪಟ್ಟಿಯಲ್ಲಿ ನಾವು ಮರೆಯುವುದು ಮನೆಯ ಟಾನಿಕ್ಕುಗಳನ್ನು. ಲೋಹಾಸವ, ಮಂಡೂರ ಭಸ್ಮ, ನವಾಯಸ ಚೂರ್ಣ, ಇವೆಲ್ಲದರಲ್ಲೂ ಕಬ್ಬಿಣ ಇದೆ. "ಶಕ್ತಿಗೆ" ಅಂತ ಮಗಳು ತಂದುಕೊಟ್ಟ ಮಲ್ಟಿವಿಟಮಿನ್‌ನಲ್ಲೂ ಇರಬಹುದು. ಸುಸ್ತು ಅಂದ ತಕ್ಷಣ ಕಬ್ಬಿಣದ ಮಾತ್ರೆ ಬರೆದುಕೊಡುವ ಅಭ್ಯಾಸವೂ ನಮ್ಮಲ್ಲಿದೆ. ಎಷ್ಟು ವರ್ಷದಿಂದ ತೆಗೆದುಕೊಂಡಿದ್ದೀರಿ ಅಂತ ಬರೆಯಿರಿ. ರಕ್ತ ಹಾಕಿಸಿಕೊಂಡಿದ್ದರೆ ಎಷ್ಟು ಬಾಟಲಿ, ಕಬ್ಬಿಣದ ಇಂಜೆಕ್ಷನ್ ಆಗಿದೆಯಾ, ಅದೂ ಬೇಕು. ಒಂದು ಬಾಟಲಿ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮದ್ಯದ ಅಭ್ಯಾಸ ಇದ್ದರೆ ಇದ್ದ ಹಾಗೇ ಬರೆಯಿರಿ. ಅಲ್ಲಿ ಸುಳ್ಳು ಹೇಳಿದರೆ ಇಡೀ ಹುಡುಕಾಟ ತಪ್ಪು ದಾರಿಗೆ ಹೋಗುತ್ತದೆ.

ಹೆಂಗಸರಾದರೆ ಮುಟ್ಟು ನಿಂತ ವಯಸ್ಸು. ಗರ್ಭಕೋಶ ತೆಗೆಸಿದ್ದರೆ ಆ ವರ್ಷ. ನಮ್ಮ ಹಳ್ಳಿಗಳಲ್ಲಿ 35-40ಕ್ಕೇ ಆಪರೇಶನ್ ಆದ ಹೆಂಗಸರು ಬೇಕಾದಷ್ಟು ಜನ. ಅಂಥವರಲ್ಲಿ ಕಬ್ಬಿಣ ಸೇರುವ ಗಡಿಯಾರ ಆವತ್ತಿನಿಂದಲೇ ಓಡುತ್ತಿರುತ್ತದೆ.

ಕೊನೆಗೆ ಮನೆತನ. ಕುಡಿಯದೆಯೂ ಲಿವರ್ ಕೆಟ್ಟು ತೀರಿಕೊಂಡವರು ಇದ್ದಾರಾ? ತೆಳ್ಳಗಿದ್ದೂ ಬೇಗ ಶುಗರ್ ಬಂದವರು? ಇದ್ದಕ್ಕಿದ್ದಂತೆ ಹೃದಯದ ತೊಂದರೆಯಲ್ಲಿ ಹೋದವರು? ಮತ್ತೊಂದು ಪ್ರಶ್ನೆ ನಮ್ಮ ಕಡೆ ಕೇಳಲೇಬೇಕು: ಅಪ್ಪ ಅಮ್ಮ ಒಳಸಂಬಂಧದಲ್ಲಿ ಮದುವೆಯಾದವರಾ? ಈ ಕಾಯಿಲೆಯ ಹೆಚ್ಚಿನ ಬಗೆಗಳಲ್ಲಿ ದೋಷವಿರುವ ಜೀನು ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಂಡ ಮನೆಗಳಲ್ಲಿ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಹೆಚ್ಚು. ನನ್ನ ಅಜ್ಜಿ ಅಜ್ಜನಿಗೆ ಸ್ವಂತ ಅಕ್ಕನ ಮಗಳು. ಯಾವ ಡಾಕ್ಟರೂ ಅದನ್ನು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಹೆಜ್ಜೆ 2: ಎರಡು ಪರೀಕ್ಷೆ, ಒಂದೇ ದಿನ

ಫೆರಿಟಿನ್ ಒಂದೇ ಸಾಲದು. ಅದರ ಜೊತೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಬೇಕೇ ಬೇಕು. ಟ್ರಾನ್ಸ್‌ಫೆರಿನ್ ಅನ್ನುವುದು ರಕ್ತದಲ್ಲಿ ಕಬ್ಬಿಣ ಹೊತ್ತುಕೊಂಡು ಹೋಗುವ ಗಾಡಿ ಅಂದುಕೊಳ್ಳಿ. ನೂರು ಸೀಟಿನಲ್ಲಿ ಎಷ್ಟು ತುಂಬಿದೆ ಅನ್ನುವುದೇ ಸ್ಯಾಚುರೇಶನ್. ಫೆರಿಟಿನ್ ಹೇಳುವುದು ಗೋದಾಮಿನ ಕಥೆ.

ಲ್ಯಾಬಿನಲ್ಲಿ "ಐರನ್ ಸ್ಟಡೀಸ್" ಅಥವಾ "ಐರನ್ ಪ್ರೊಫೈಲ್" ಅಂತ ಕೇಳಿ. ಸೀರಮ್ ಐರನ್ (ರಕ್ತದಲ್ಲಿರುವ ಕಬ್ಬಿಣ), ಟಿಐಬಿಸಿ (ಗಾಡಿಯಲ್ಲಿ ಒಟ್ಟು ಎಷ್ಟು ಕಬ್ಬಿಣ ಹಿಡಿಸುತ್ತದೆ ಅನ್ನುವುದು), ಸ್ಯಾಚುರೇಶನ್ ಅದರಲ್ಲಿ ಬರುತ್ತವೆ. ಫೆರಿಟಿನ್ ಎಷ್ಟೋ ಕಡೆ ಬೇರೆಯಾಗಿ ಬರೆಸಬೇಕು. ಸ್ಯಾಚುರೇಶನ್ ಕೊಟ್ಟಿಲ್ಲದಿದ್ದರೆ ನೀವೇ ಲೆಕ್ಕ ಹಾಕಬಹುದು. ಸೀರಮ್ ಐರನ್ ಅನ್ನು ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿ. ಐರನ್ 165, ಟಿಐಬಿಸಿ 260 ಇದ್ದರೆ ಸುಮಾರು 63%. ಇದೇ ಪರೀಕ್ಷೆಯ ಜೊತೆ ಸಿಬಿಸಿ (ರಕ್ತಕಣಗಳ ಎಣಿಕೆ), ಉರಿಯೂತ ತೋರಿಸುವ ಸಿಆರ್‌ಪಿ, ಲಿವರ್ ಪರೀಕ್ಷೆಗಳನ್ನೂ ಮಾಡಿಸಿದರೆ ಅರ್ಥ ಮಾಡಿಕೊಳ್ಳುವುದು ಸುಲಭ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಸೀರಮ್ ಐರನ್ ದಿನದ ಹೊತ್ತಿಗೆ, ಊಟಕ್ಕೆ ತಕ್ಕಂತೆ ಏರಿಳಿಯುತ್ತದೆ. ಕಬ್ಬಿಣದ ಮಾತ್ರೆ, ವಿಟಮಿನ್ ಸಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಜ್ವರ, ಶೀತ, ಹಲ್ಲಿನ ಕೀವು, ಮೂತ್ರದ ಸೋಂಕು ಇರುವಾಗ ಈ ಪರೀಕ್ಷೆ ಬೇಡ. ಆ ಹೊತ್ತಿನಲ್ಲಿ ಫೆರಿಟಿನ್ ಸುಮ್ನೆ ಏರುತ್ತದೆ, ಸೀರಮ್ ಐರನ್ ಇಳಿಯುತ್ತದೆ, ಎರಡೂ ಸುಳ್ಳು ಹೇಳುತ್ತವೆ. ಗುಣವಾಗಿ ಕೆಲವು ವಾರ ಕಳೆಯಲಿ.

ಹೆಜ್ಜೆ 3: ಎರಡೂ ಅಂಕಿಗಳನ್ನು ಜೋಡಿಯಾಗಿ ಓದಿ

ಗಂಡಸರಿಗೆ ಮತ್ತು ಮುಟ್ಟು ನಿಂತ ಹೆಂಗಸರಿಗೆ ಫೆರಿಟಿನ್ 300 ದಾಟಿದರೆ ಜಾಸ್ತಿ ಅಂತ ಲೆಕ್ಕ. ರಿಪೋರ್ಟಿನಲ್ಲಿ ನ್ಯಾನೋಗ್ರಾಂ ಪ್ರತಿ ಮಿಲಿಲೀಟರ್ ಅಂತ ಇದ್ದರೂ ಮೈಕ್ರೋಗ್ರಾಂ ಪ್ರತಿ ಲೀಟರ್ ಅಂತ ಇದ್ದರೂ ಅಂಕಿ ಒಂದೇ. ಸ್ಯಾಚುರೇಶನ್‌ಗೆ ಸಾಮಾನ್ಯವಾಗಿ ಎಳೆಯುವ ಗೆರೆ 45ರಿಂದ 50%.

ಎರಡೂ ಜಾಸ್ತಿ ಇದ್ದರೆ, ಮತ್ತೊಂದು ದಿನ ಪರೀಕ್ಷಿಸಿದಾಗಲೂ ಹಾಗೇ ಬಂದರೆ, ಕಬ್ಬಿಣದ ಹೊರೆಯ ಅನುಮಾನ ಗಟ್ಟಿ. ಮುಂದೆ ಹೋಗಲೇಬೇಕು.

ಫೆರಿಟಿನ್ ಮಾತ್ರ ಜಾಸ್ತಿ, ಸ್ಯಾಚುರೇಶನ್ 25-30% ಆಸುಪಾಸು ಇದ್ದರೆ? ನಮ್ಮಲ್ಲಿ ಜಾಸ್ತಿ ಜನ ಈ ಗುಂಪಿನವರೇ. ಇದು ಬಹುತೇಕ ಫ್ಯಾಟಿ ಲಿವರ್, ಶುಗರ್, ಉರಿಯೂತ, ಮದ್ಯದ ಕಡೆ ಬೆರಳು ತೋರಿಸುತ್ತದೆ. ಇಲ್ಲೂ ಒಂದೆರಡು ಅಪರೂಪದ ವಂಶದ ಕಾರಣಗಳಿವೆ. ಮನೆಯಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಕಣ್ಣಿನ ಪೊರೆ ಬಂದಿದ್ದು, ಫೆರಿಟಿನ್ ಮಾತ್ರ ಯಾವಾಗಲೂ ಜಾಸ್ತಿ ಇರುವ ಒಂದು ಬಗೆ ಇದೆ. ಅಲ್ಲಿ ಮೈಯಲ್ಲಿ ಕಬ್ಬಿಣ ಜಾಸ್ತಿ ಇರುವುದಿಲ್ಲ, ರಕ್ತ ತೆಗೆದರೆ ತೊಂದರೆಯೇ ಆಗುತ್ತದೆ. ಹಾಗಾಗಿ ಪೊರೆಯ ಆಪರೇಶನ್ ಯಾವ ವಯಸ್ಸಿಗೆ ಆಯಿತು ಅನ್ನುವುದೂ ಹಾಳೆಯಲ್ಲಿ ಇರಲಿ.

ಹಿಮೋಗ್ಲೋಬಿನ್ ಕಡಿಮೆ, ಫೆರಿಟಿನ್ ಜಾಸ್ತಿ ಇದ್ದರೆ ಅದು ಬೇರೆಯೇ ದಾರಿ. ವಂಶದ ಹಿಮೋಕ್ರೊಮಾಟೋಸಿಸ್ ರಕ್ತಹೀನತೆ ತರುವುದಿಲ್ಲ. ರಕ್ತಹೀನತೆಯೂ ಇದೆ ಅಂದರೆ ಥಲಸ್ಸೀಮಿಯಾ, ರಕ್ತಕಣ ಬೇಗ ಒಡೆಯುವ ಕಾಯಿಲೆ, ಅಥವಾ ವಯಸ್ಸಾದವರಲ್ಲಿ ಕಾಣುವ ಮೂಳೆಮಜ್ಜೆಯ ತೊಂದರೆ ಇರಬಹುದು. ಆಗ ರಕ್ತದ ಕಾಯಿಲೆಗಳ ತಜ್ಞರಾದ ಹೆಮಟಾಲಜಿಸ್ಟ್ ಅನ್ನೇ ಕಾಣಬೇಕು. ಎಂಸಿವಿ ತುಂಬಾ ಕಡಿಮೆ ಇದ್ದರೆ ಎಚ್‌ಪಿಎಲ್‌ಸಿ ಅನ್ನುವ ಹಿಮೋಗ್ಲೋಬಿನ್ ಪರೀಕ್ಷೆ ಕೇಳುತ್ತಾರೆ.

ವಯಸ್ಸಾದವರಲ್ಲಿ ಇನ್ನೊಂದು ಎಚ್ಚರ. ಊಟ ಸರಿ ಇಲ್ಲದೆ ಸೊರಗಿದವರಲ್ಲಿ, ಲಿವರ್ ಆಗಲೇ ಕೆಟ್ಟವರಲ್ಲಿ ಟ್ರಾನ್ಸ್‌ಫೆರಿನ್ ಪ್ರಮಾಣವೇ ಕಡಿಮೆ ಇರುತ್ತದೆ. ಸೀಟು ಕಡಿಮೆಯಾದರೆ ಗಾಡಿ ಬೇಗ ತುಂಬಿದ ಹಾಗೆ ಕಾಣುತ್ತದೆ, ಅಲ್ವಾ? ಟಿಐಬಿಸಿ, ಅಲ್ಬುಮಿನ್ (ಲಿವರ್ ತಯಾರಿಸುವ ರಕ್ತದ ಪ್ರೋಟೀನ್) ಎರಡೂ ಕಡಿಮೆ ಇದ್ದರೆ ಬರೀ ಸ್ಯಾಚುರೇಶನ್ ನೋಡಿ ತೀರ್ಮಾನಕ್ಕೆ ಬರಬೇಡಿ.

ಫೆರಿಟಿನ್ 1,000 ದಾಟಿದ್ದರೆ ತಡ ಮಾಡಬೇಡಿ. ಆ ಮಟ್ಟದ ಮೇಲೆ ಲಿವರ್ ಗಟ್ಟಿಯಾಗಿರುವ ಅಪಾಯ ಜಾಸ್ತಿ.

ಹೆಜ್ಜೆ 4: ಡಾಕ್ಟರ ಮುಂದೆ

ಮೊದಲು ನಿಮ್ಮನ್ನು ಬಲ್ಲ ಜನರಲ್ ಫಿಸಿಶಿಯನ್. ಆಮೇಲೆ ಲಿವರ್ ತಜ್ಞರು ಅಥವಾ ಹೆಮಟಾಲಜಿಸ್ಟ್. ಹಿರಿಯರನ್ನು ಒಬ್ಬರೇ ಕಳಿಸಬೇಡಿ. ಅವರು ಡಾಕ್ಟರ ಎದುರು "ಪರವಾಗಿಲ್ಲ, ಚೆನ್ನಾಗಿದ್ದೀನಿ" ಅಂದುಬಿಡುತ್ತಾರೆ. ಮಾವ ಹನ್ನೊಂದು ವರ್ಷ ಅದನ್ನೇ ಹೇಳಿದ್ದರು.

ಹಾಳೆಯನ್ನು ಕೈಗೆ ಕೊಟ್ಟು, ಇಷ್ಟು ಕೇಳಿ: "ಸರ್, ಇವೆಲ್ಲ ಒಟ್ಟಿಗೆ ಇರೋದಕ್ಕೆ ಕಬ್ಬಿಣದ ಹೊರೆ ಕಾರಣ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಫೆರಿಟಿನ್ ಮತ್ತು ಸ್ಯಾಚುರೇಶನ್ ಬರೆದುಕೊಡ್ತೀರಾ?" ಇಂಟರ್ನೆಟ್ಟಿನಲ್ಲಿ ಓದಿದ ಕಾಯಿಲೆಯ ಹೆಸರು ಹೇಳಿ ವಾದಕ್ಕೆ ನಿಲ್ಲುವುದಕ್ಕಿಂತ ಈ ರೀತಿ ಕೇಳಿದರೆ ಕೆಲಸ ಆಗುತ್ತದೆ. ಅದು ಅವರ ಮೇಲೆ ಅಪನಂಬಿಕೆ ತೋರಿಸುವ ಮಾತಲ್ಲ.

"ಈ ವಯಸ್ಸಲ್ಲಿ ಗೊತ್ತಾಗಿ ಏನು ಮಾಡೋದು?" ಅಂತ ಯಾರಾದರೂ ಅಂದರೆ ಉತ್ತರ ಇದೆ. ಲಿವರ್ ಪೂರ್ತಿ ಗಟ್ಟಿಯಾಗುವ ಮೊದಲು ಚಿಕಿತ್ಸೆ ಶುರುವಾದರೆ ಅದನ್ನು ಉಳಿಸಿಕೊಳ್ಳಬಹುದು. ಗಟ್ಟಿಯಾಗಿದ್ದರೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಾ ಕ್ಯಾನ್ಸರ್ ಬಂದರೆ ಬೇಗ ಹಿಡಿಯಬಹುದು. ಒಡಹುಟ್ಟಿದವರಿಗೆ ಮತ್ತು ಮಕ್ಕಳಿಗೆ ಇದು ಎಚ್ಚರಿಕೆ ಆಗುತ್ತದೆ.

ಹೆಜ್ಜೆ 5: ಕಬ್ಬಿಣ ನಿಜಕ್ಕೂ ಕೂತಿದೆಯಾ?

ಸಾಮಾನ್ಯ ಅಲ್ಟ್ರಾಸೌಂಡ್‌ನಲ್ಲಿ ಕಬ್ಬಿಣ ಕಾಣುವುದಿಲ್ಲ. "ಗ್ರೇಡ್ 1 ಫ್ಯಾಟಿ ಲಿವರ್" ಅಂತ ಬಂದರೆ ಕಬ್ಬಿಣ ಇಲ್ಲ ಅಂತ ಅರ್ಥ ಅಲ್ಲ. ಅದಕ್ಕೆ ಬೇಕಾಗಿರುವುದು ಎಂಆರ್‌ಐ, ಅದರಲ್ಲೂ ಟಿ2 ಸ್ಟಾರ್ ಅಥವಾ ಆರ್2 ವಿಧಾನದಲ್ಲಿ ಲಿವರ್‌ನ ಕಬ್ಬಿಣವನ್ನು ಅಳೆಯುವ ಎಂಆರ್‌ಐ. ಎಲ್ಲ ಸೆಂಟರಿನಲ್ಲೂ ಇದು ಇಲ್ಲ. ಹೋಗುವ ಮೊದಲು ಫೋನ್ ಮಾಡಿ "ಲಿವರ್ ಐರನ್ ಅಳತೆ ಮಾಡ್ತೀರಾ?" ಅಂತ ಕೇಳಿ. ಇಲ್ಲದಿದ್ದರೆ ದುಡ್ಡು ಕೊಟ್ಟು ಬೇರೆ ಯಾವುದೋ ಎಂಆರ್‌ಐ ಮಾಡಿಸಿಕೊಂಡು ಬರುತ್ತೀರಿ. ನಮಗೆ ಒಮ್ಮೆ ಹಾಗಾಗಿ ಮಾವನನ್ನು ಎರಡನೇ ಸಲ ಆ ಕೊಳವೆಯೊಳಗೆ ಮಲಗಿಸಬೇಕಾಯಿತು. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡು ತೆಗೆದುಕೊಂಡು ಹೋಗಿ. ಎಂಆರ್‌ಐಗೆ ಹೊಂದುವ ಪೇಸ್‌ಮೇಕರ್ ಹೌದಾ ಅಂತ ಮೊದಲೇ ನೋಡಬೇಕು.

ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ತಿಳಿಯಲು ಫೈಬ್ರೋಸ್ಕ್ಯಾನ್ ಇದೆ. ಸೂಜಿ ಚುಚ್ಚಿ ಲಿವರ್‌ನ ತುಣುಕು ತೆಗೆಯುವ ಬಯಾಪ್ಸಿ ಈಗ ಮೊದಲಿನಷ್ಟು ಬೇಕಾಗುವುದಿಲ್ಲ. ಇಸಿಜಿ, ಎಕೋ, ಶುಗರ್ ಹೇಗೂ ಆಗುತ್ತವೆ. ಹೆಂಗಸರಿಗೂ ಗಂಡಸರಿಗೂ ಮೂಳೆ ಸಾಂದ್ರತೆಯ ಪರೀಕ್ಷೆ ಕೇಳುವುದು ಒಳ್ಳೆಯದು.

ಹೆಜ್ಜೆ 6: ಜೀನ್ ಪರೀಕ್ಷೆ, ಅದರ ಮಿತಿ

ಲ್ಯಾಬುಗಳಲ್ಲಿ ಹಿಮೋಕ್ರೊಮಾಟೋಸಿಸ್ ಪರೀಕ್ಷೆ ಅಂದರೆ ಸಾಮಾನ್ಯವಾಗಿ ಎಚ್‌ಎಫ್‌ಇ ಜೀನಿನ ಎರಡು ಮೂರು ಬದಲಾವಣೆಗಳನ್ನು ಮಾತ್ರ ನೋಡುತ್ತಾರೆ: ಸಿ282ವೈ, ಎಚ್63ಡಿ, ಕೆಲವು ಕಡೆ ಎಸ್65ಸಿ. ಯುರೋಪಿಯನ್ನರಲ್ಲಿ ಹೆಚ್ಚಿನವರಿಗೆ ಅದು ಸಾಕು. ನಮಗೆ ಸಾಲದು. ಐರ್ಲೆಂಡ್, ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೂ ಇದೇ ಮಾತು. ಅಲ್ಲಿನ ಡಾಕ್ಟರು ಎಚ್‌ಎಫ್‌ಇ ನೋಡಿ "ನೆಗೆಟಿವ್, ನಿಮಗಿಲ್ಲ" ಅಂದರೆ, ಎರಡೂ ಅಂಕಿ ಜಾಸ್ತಿ ಇದ್ದು ಎಂಆರ್‌ಐನಲ್ಲೂ ಕಬ್ಬಿಣ ಕಂಡಿದ್ದರೆ, ವಿಷಯ ಅಲ್ಲಿಗೆ ಮುಗಿಯಲಿಲ್ಲ.

ಎಚ್63ಡಿ ನಮ್ಮ ಜನರಲ್ಲಿ ಸಿ282ವೈಗಿಂತ ಜಾಸ್ತಿ ಸಿಗುತ್ತದೆ. ಅದೊಂದೇ ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲ. "ಪಾಸಿಟಿವ್" ಅನ್ನುವ ಪದ ನೋಡಿ ಹೆದರಬೇಡಿ, ಅದನ್ನೇ ಕಾರಣ ಅಂತ ಒಪ್ಪಿಕೊಂಡು ಹುಡುಕಾಟ ನಿಲ್ಲಿಸಲೂ ಬೇಡಿ. ಮಾವನ ಮೊದಲ ರಿಪೋರ್ಟಿನಲ್ಲಿ ಎಚ್63ಡಿ ಒಂದು ಪ್ರತಿ ಇತ್ತು. ಅದರಿಂದ ಅಷ್ಟು ಕಬ್ಬಿಣ ಸೇರುವುದಿಲ್ಲ ಅಂತ ಲಿವರ್ ತಜ್ಞರು ಹಲವು ಜೀನುಗಳನ್ನು ಒಟ್ಟಿಗೆ ನೋಡುವ ದೊಡ್ಡ ಪ್ಯಾನೆಲ್ ಬರೆದರು. ಎಚ್‌ಜೆವಿ, ಎಚ್‌ಎಎಂಪಿ, ಟಿಎಫ್‌ಆರ್2, ಎಸ್‌ಎಲ್‌ಸಿ40ಎ1, ಈ ನಾಲ್ಕು ಜೀನುಗಳು ಅದರಲ್ಲಿ ಇರಲೇಬೇಕು. ಮಾವನಲ್ಲಿ ದೋಷ ಸಿಕ್ಕಿದ್ದು ಟಿಎಫ್‌ಆರ್2ನಲ್ಲಿ, ಎರಡೂ ಪ್ರತಿಗಳಲ್ಲಿ.

ರಿಪೋರ್ಟಿನ ಅರ್ಥ ಹೇಳಲು ಜೆನೆಟಿಕ್ಸ್ ಗೊತ್ತಿರುವವರು ಬೇಕು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ವೆಲ್ಲೂರಿನ ಸಿಎಂಸಿಗೆ ನಮ್ಮವರು ಮೊದಲಿನಿಂದಲೂ ಹೋಗುತ್ತಾರೆ. ದೊಡ್ಡ ಪ್ಯಾನೆಲ್‌ಗೆ ಖರ್ಚು ಜಾಸ್ತಿ. ದುಡ್ಡಿನ ತೊಂದರೆ ಇದ್ದರೆ ಮೊದಲು ಎಂಆರ್‌ಐ ಮಾಡಿಸಿ. ಕಬ್ಬಿಣ ಕೂತಿದೆ ಅಂತ ಖಚಿತವಾದರೆ, ಜೀನಿನ ಹೆಸರು ಗೊತ್ತಾಗುವವರೆಗೆ ಚಿಕಿತ್ಸೆ ಕಾಯಬೇಕಾಗಿಲ್ಲ.

ಈ ನಡುವೆ ಮನೆಯಲ್ಲಿ

ಡಾಕ್ಟರಿಗೆ ಹೇಳಿ ಕಬ್ಬಿಣದ ಮಾತ್ರೆ, ಲೋಹ ಭಸ್ಮದ ಔಷಧ, ವಿಟಮಿನ್ ಸಿ ಮಾತ್ರೆ ನಿಲ್ಲಿಸಿ. ಮದ್ಯ ಪೂರ್ತಿ ಬಿಡುವುದು ಒಳ್ಳೆಯದು. ಸೊಪ್ಪು, ರಾಗಿ, ಕಾಳು ಬಿಡಬೇಡಿ. ಗಿಡದಿಂದ ಬರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಹಿರಿಯರು ಊಟ ಬಿಟ್ಟು ಸೊರಗಿದರೆ ಅದೇ ದೊಡ್ಡ ತೊಂದರೆ. ಹಣ್ಣು ತಿನ್ನಿ. ಊಟದ ಜೊತೆ ಒಂದು ಲೋಟ ಚಹಾ ಕುಡಿದರೆ ಕಬ್ಬಿಣ ಹೀರುವುದು ಇನ್ನಷ್ಟು ಕಡಿಮೆಯಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಕುದಿಸುವ ಅಭ್ಯಾಸ ಇದ್ದರೆ ಪಾತ್ರೆ ಬದಲಿಸಿ. ರೇಷನ್ ಅಂಗಡಿಯಲ್ಲಿ ಸಾರವರ್ಧಿತ ಅಕ್ಕಿ ಸಿಕ್ಕಿದ್ದರೆ ಅದಕ್ಕೆ ಕಬ್ಬಿಣ ಸೇರಿಸಿರುತ್ತಾರೆ. ಅದನ್ನೇ ದಿನಾ ಉಣ್ಣುವವರಾದರೆ ಡಾಕ್ಟರಿಗೆ ಹೇಳಿ.

ಕರಾವಳಿಯವರಿಗೆ ಒಂದು ಮಾತು. ಮರ್ವಾಯಿ, ಕಲ್ಲು ಸಿಂಪಿ ಇಂಥ ಚಿಪ್ಪಿನ ಜೀವಿಗಳನ್ನು ಚೆನ್ನಾಗಿ ಬೇಯಿಸದೆ ತಿನ್ನಲೇಬೇಡಿ. ಕಾಲಲ್ಲಿ ಗಾಯ ಇಟ್ಟುಕೊಂಡು ಸಮುದ್ರದ ನೀರಿಗೆ, ಅಳಿವೆ ನೀರಿಗೆ ಇಳಿಯಬೇಡಿ. ವಿಬ್ರಿಯೊ ವಲ್ನಿಫಿಕಸ್ ಅನ್ನುವ ಬ್ಯಾಕ್ಟೀರಿಯಾ ಕಬ್ಬಿಣ ಜಾಸ್ತಿ ಇರುವ ಮೈಯಲ್ಲಿ ಬೇಗ ಬೆಳೆದು ಪ್ರಾಣಕ್ಕೇ ಅಪಾಯ ತರುತ್ತದೆ.

ಖಚಿತವಾದ ಮೇಲೆ

ಚಿಕಿತ್ಸೆ ಸರಳ. ರಕ್ತ ತೆಗೆಯುವುದು. ತೆಗೆದಷ್ಟು ರಕ್ತವನ್ನು ಮೈ ಮತ್ತೆ ತಯಾರಿಸುವಾಗ ಗೋದಾಮಿನ ಕಬ್ಬಿಣ ಖರ್ಚಾಗುತ್ತದೆ. ಫೆರಿಟಿನ್ 50ರ ಹತ್ತಿರಕ್ಕೆ ಇಳಿಸಿ, ಆಮೇಲೆ ವರ್ಷಕ್ಕೆ ಕೆಲವು ಸಲ ತೆಗೆದು 50ರಿಂದ 100ರ ಒಳಗೆ ಇಟ್ಟುಕೊಳ್ಳುತ್ತಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಕಡಿಮೆ ಪ್ರಮಾಣ, ಜಾಸ್ತಿ ಅಂತರ. ಪ್ರತಿ ಸಲ ಮೊದಲು ಹಿಮೋಗ್ಲೋಬಿನ್ ನೋಡಬೇಕು, 11ಕ್ಕಿಂತ ಕೆಳಗಿದ್ದರೆ ಆ ಸಲ ತೆಗೆಯುವುದಿಲ್ಲ. ಹೋಗುವ ಮೊದಲು ನೀರು ಚೆನ್ನಾಗಿ ಕುಡಿಸಿ. ಬಿಪಿ ಮಾತ್ರೆ ಆ ಬೆಳಿಗ್ಗೆ ಹೇಗೆ ಅಂತ ಮೊದಲೇ ಕೇಳಿಕೊಳ್ಳಿ. ತಲೆಸುತ್ತು ಬಂದು ಬಿದ್ದು ಸೊಂಟ ಮುರಿದುಕೊಂಡರೆ ಕಷ್ಟ.

ನಮ್ಮ ದೇಶದಲ್ಲಿ ರಕ್ತದಾನಕ್ಕೆ 65ರ ಮಿತಿ ಇದೆ. ಹಾಗಾಗಿ ರಕ್ತ ಕೇಂದ್ರಕ್ಕೆ ಸುಮ್ನೆ ಹೋದರೆ ವಾಪಸ್ ಕಳಿಸುತ್ತಾರೆ. ಇದು ದಾನ ಅಲ್ಲ, ಚಿಕಿತ್ಸೆ ಅಂತ, ಎಷ್ಟು ತೆಗೆಯಬೇಕು ಅನ್ನುವ ಅಂಕಿಯ ಜೊತೆ ಡಾಕ್ಟರ ಚೀಟಿ ಬೇಕು. ಶುಗರ್ ಇರುವವರು ಇನ್ನೊಂದು ನೆನಪಿಡಿ: ರಕ್ತ ತೆಗೆಯುತ್ತಿರುವ ಕಾಲದಲ್ಲಿ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಬೆರಳು ಚುಚ್ಚಿ ನೋಡುವ ಶುಗರನ್ನೇ ನಂಬಿ.

ಮಾವನ ಲಿವರ್ ಎಂಜೈಮ್ ಇಳಿದವು, ಸುಸ್ತು ಕಡಿಮೆಯಾಯಿತು. ಗೆಣ್ಣು ನೋವು ಹೋಗಲಿಲ್ಲ. ಕೀಲಿಗೆ ಆದ ಹಾನಿ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ ಅಂತ ಮೊದಲೇ ಹೇಳಿದ್ದರು.

ಒಡಹುಟ್ಟಿದವರಿಗೆ ಹೇಳುವುದು

ತಂದೆ ತಾಯಿ ಇಬ್ಬರಿಂದಲೂ ಬರುವ ಬಗೆಯಾದರೆ ಪ್ರತಿ ಒಡಹುಟ್ಟಿದವರಿಗೂ ಕಾಯಿಲೆಯ ಜೀನ್ ಜೋಡಿ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಕ್ಕಳಿಗೆ ಒಂದು ಪ್ರತಿ ಖಂಡಿತ ಹೋಗಿರುತ್ತದೆ. ಗಂಡ ಹೆಂಡತಿ ಒಳಸಂಬಂಧದವರಾದರೆ ಮಕ್ಕಳನ್ನೂ ಬೇಗ ಪರೀಕ್ಷಿಸಬೇಕು.

ನನ್ನ ಅಮ್ಮ ಮಾವನ ತಂಗಿ. ಆಗ 64. ಒಂದು ನೋವಿಲ್ಲ, ಶುಗರ್ ಇಲ್ಲ. "ನಂಗ್ಯಾಕೆ ಅದೆಲ್ಲ" ಅಂತ ಮೂರು ತಿಂಗಳು ತಳ್ಳಿದರು. ಕೊನೆಗೆ ಮಾಡಿಸಿದಾಗ ಸ್ಯಾಚುರೇಶನ್ 61%, ಫೆರಿಟಿನ್ 520. ಲಿವರ್ ಪೂರ್ತಿ ಚೆನ್ನಾಗಿತ್ತು. ಈಗ ಮೂರು ತಿಂಗಳಿಗೊಮ್ಮೆ 350 ಮಿಲಿಲೀಟರ್ ರಕ್ತ ಕೊಟ್ಟು, ಬರುವಾಗ ಎಳನೀರು ಕುಡಿದು ಬರುತ್ತಾರೆ.

ಫೋನಿನಲ್ಲಿ ವಿವರಿಸಲು ಹೋದರೆ ಕಾಯಿಲೆಯ ಹೆಸರೇ ಯಾರಿಗೂ ನೆನಪಿರುವುದಿಲ್ಲ. ನಾವು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ ಮೆಸೇಜು ಹೀಗಿತ್ತು, ಬೇಕಾದರೆ ಹಾಗೇ ಬಳಸಿಕೊಳ್ಳಿ: "ಅಣ್ಣನಿಗೆ ಮೈಯಲ್ಲಿ ಕಬ್ಬಿಣ ಜಾಸ್ತಿ ಸೇರುವ ಕಾಯಿಲೆ ಇದೆ ಅಂತ ಗೊತ್ತಾಗಿದೆ. ಇದು ವಂಶದಿಂದ ಬರುವಂಥದ್ದು. ತೊಂದರೆ ಇಲ್ಲದಿದ್ದರೂ ಎಲ್ಲರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಮಾಡಿಸಿ, ರಿಪೋರ್ಟಿನ ಫೋಟೋ ಇಲ್ಲಿ ಹಾಕಿ." ಅದರ ಕೆಳಗೆ ಜೀನ್ ರಿಪೋರ್ಟಿನ ಫೋಟೋವನ್ನೂ ಹಾಕಿ, ಮಾವನ ಒಪ್ಪಿಗೆ ಕೇಳಿಕೊಂಡು. ಒಬ್ಬರಲ್ಲಿ ದೋಷ ಎಲ್ಲಿದೆ ಅಂತ ಗೊತ್ತಾದ ಮೇಲೆ ಉಳಿದವರಿಗೆ ದೊಡ್ಡ ಪ್ಯಾನೆಲ್ ಬೇಕಾಗುವುದಿಲ್ಲ. ಆ ಒಂದು ಬದಲಾವಣೆಯನ್ನು ಮಾತ್ರ ನೋಡಿದರೆ ಸಾಕು, ಖರ್ಚೂ ತುಂಬಾ ಕಡಿಮೆ. ಲ್ಯಾಬಿಗೆ ಹೋಗುವಾಗ ಅದೇ ಫೋಟೋ ತೋರಿಸಿ.